ಕಾಕಾನ 41 ಕ್ಯಾಸೆಟ್ ಮತ್ತು ಒಂದು ಸಣ್ಣ ಸ್ಕ್ರೂ

ಧಾರವಾಡದ ಕಾಕಾ ಮನೆಯ ಅಟ್ಟದ ಮೇಲಿದ್ದ ತಗಡಿನ ಟ್ರಂಕು ಈ ಸಲ ನನ್ನ ಜೊತೆ ಬೆಂಗಳೂರಿಗೆ ಬಂತು. ಒಳಗೆ 41 ಕ್ಯಾಸೆಟ್. ಎಲ್ಲವೂ 1980ರ ದಶಕದಲ್ಲಿ ರೇಡಿಯೋದಿಂದ ಇಳಿಸಿಕೊಂಡ ಹಿಂದೂಸ್ತಾನಿ ಗಾಯನ. ಕಾಕಾ ವಿದ್ಯುತ್ ಸಬ್‌ಸ್ಟೇಷನ್‌ನಲ್ಲಿ ಕೆಲಸದಲ್ಲಿದ್ದವರು. ಪಾಳಿ ಇಲ್ಲದ ರಾತ್ರಿ ಟೂ ಇನ್ ಒನ್ (ರೇಡಿಯೋ, ಕ್ಯಾಸೆಟ್ ಎರಡೂ ಇರುವ ಸೆಟ್) ಮುಂದೆ ಖಾಲಿ ಕ್ಯಾಸೆಟ್ ಇಟ್ಟುಕೊಂಡು ಕೂಡುತ್ತಿದ್ದರು. ಮೇಲೆ ನೀಲಿ ಪೆನ್ನಿನಲ್ಲಿ ಬರೆದಿದ್ದು ಎರಡೋ ಮೂರೋ ಪದ. 'ಮನ್ಸೂರ 2'. 'ಗಂಗೂಬಾಯಿ, ರಾತ್ರಿ'. 'ರಾಜಗುರು, ಕಡೀಗೆ ವಚನ', ಅಂದರೆ ಬಸವರಾಜ ರಾಜಗುರು. ತಾರೀಖು ಒಂದರ ಮೇಲೂ ಇಲ್ಲ. ಒಂದು ಕ್ಯಾಸೆಟ್ ಮೇಲಂತೂ ಏನೂ ಬರೆದಿಲ್ಲ.

"ಅದರಾಗ ಯಾರದ ಐತೋ ನೆನಪಿಲ್ಲ ತಮ್ಮಾ. ಚಲೋ ಇತ್ತು ಅನ್ನೋದಷ್ಟ ನೆನಪೈತಿ" ಅಂದರು ಕಾಕಾ.

ಇವರ ಹಾಡು ಈಗ ಫೋನಿನಲ್ಲೇ ಸಿಗುತ್ತದಲ್ಲ, ಇಷ್ಟೆಲ್ಲ ಯಾಕೆ ಅಂತ ಮನೆಯಲ್ಲಿ ಕೇಳಿದರು. ಕಾರಣ ಇದೆ. ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲೇ ಗ್ರಾಮಫೋನಿಗೆ ಹಾಡಿದವರು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯಲ್ಲಿ ಒಂದು ಬದಿಗೆ ಮೂರು, ಮೂರೂವರೆ ನಿಮಿಷ ಅಷ್ಟೆ. ಎಲ್‌ಪಿ (ಲಾಂಗ್ ಪ್ಲೇ ತಟ್ಟೆ) ಬಂದ ಮೇಲೆ ಅದು 20 ನಿಮಿಷದ ಆಸುಪಾಸು ಆಯಿತು. ಸಿ-90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ವಿಲಂಬಿತ (ನಿಧಾನಗತಿಯ) ಖಯಾಲು ಅವಸರ ಇಲ್ಲದೆ ಕೂತು, ಬೆಳೆದು, ದ್ರುತಕ್ಕೆ (ವೇಗದ ಭಾಗಕ್ಕೆ) ದಾಟುವಷ್ಟು ಜಾಗ ಅಲ್ಲಿದೆ. ಅದಕ್ಕೇ ರೇಡಿಯೋದಿಂದ ಇಳಿಸಿಕೊಂಡ ಕ್ಯಾಸೆಟ್ ನನಗೆ ಅಂಗಡಿಯ ತಟ್ಟೆಗಿಂತ ದೊಡ್ಡದು.

ಮೊದಲ ಎರಡು ವಾರ: ಡೆಕ್

ಸಂಡೆ ಬಜಾರ್‌ನಲ್ಲಿ ಒಂದು ಜಪಾನೀ ಕ್ಯಾಸೆಟ್ ಡೆಕ್ ಸಿಕ್ಕಿತು. ದೀಪ ಹತ್ತುತ್ತದೆ, ಮೋಟಾರ್ ಗುಂಯ್ ಅನ್ನುತ್ತದೆ, ರೀಲು ಮಾತ್ರ ಕದಲುವುದಿಲ್ಲ. ಇಂಥ ಡೆಕ್ ಸಿಕ್ಕರೆ ಹೆದರಬೇಡಿ. ಬಹುಪಾಲು ಬೆಲ್ಟ್ ಹೋಗಿರುತ್ತದೆ.

ಮುಚ್ಚಳ ಬಿಚ್ಚಿದೆ. ಮೋಟಾರಿನಿಂದ ಫ್ಲೈವೀಲ್‌ಗೆ (ಒಳಗಿನ ಭಾರದ ಗಾಲಿಗೆ) ಹೋಗುವ ಚಪ್ಪಟೆ ರಬ್ಬರ್ ಬೆಲ್ಟ್ ಪೂರ್ತಿ ಕರಗಿ ಜೋನಿ ಬೆಲ್ಲದ ಹಾಗೆ ಆಗಿತ್ತು. ಬಣ್ಣ ಡಾಂಬರಿನದು. ಬೆರಳಿಗೆ ಹತ್ತಿದರೆ ಸೋಪಿಗೂ ಬಿಡುವುದಿಲ್ಲ. ಕೈಗವಸು ಹಾಕಿಕೊಂಡು, ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒರೆಸುತ್ತಾ ಕೂತೆ. ನಲವತ್ತಕ್ಕೂ ಜಾಸ್ತಿ ಕಡ್ಡಿ ಖರ್ಚಾದವು. ಪುಲ್ಲಿಯ ಅಂಚಿನಲ್ಲಿ ಒಂದು ಕಣ ಉಳಿದರೂ ಹೊಸ ಬೆಲ್ಟ್ ಅಲ್ಲಿ ಎಗರುತ್ತದೆ, ಹಾಡು ಅಲ್ಲಾಡುತ್ತದೆ. ಹಾಗಾಗಿ ಇಲ್ಲಿ ಆತುರ ಮಾಡಲಿಲ್ಲ.

ಹಳೇ ಬೆಲ್ಟೇ ಇಲ್ಲ ಅಂದ ಮೇಲೆ ಅಳತೆ ಹೇಗೆ? ಒಂದು ದಾರವನ್ನು ಮೋಟಾರಿನ ಪುಲ್ಲಿ ಮತ್ತು ಫ್ಲೈವೀಲ್ ಸುತ್ತ ಬೆಲ್ಟ್ ಓಡುವ ದಾರಿಯಲ್ಲೇ ಸುತ್ತಿ, ಗುರುತು ಹಾಕಿ, ಬಿಡಿಸಿ ಅಳೆದೆ. 27.5 ಸೆಂ.ಮೀ. ಬಂತು. ರಬ್ಬರ್ ಸ್ವಲ್ಪ ಬಿಗಿಯಾಗಿ ಕೂಡಬೇಕು, ಅದಕ್ಕೆ ಶೇಕಡಾ 5 ಕಡಿಮೆ ಮಾಡಿ 26 ಸೆಂ.ಮೀ. ಸುತ್ತಳತೆಯದು ಬೇಕು ಅಂತ ಎಸ್‌ಪಿ ರೋಡ್‌ನಲ್ಲಿ ಹುಡುಕಿದೆ. ಮೂರನೇ ಅಂಗಡಿಯಲ್ಲಿ ಸಿಕ್ಕಿತು.

ರೀಲನ್ನು ಒತ್ತಿ ಹಿಡಿಯುವ ರಬ್ಬರ್ ಗಾಲಿ, ಪಿಂಚ್ ರೋಲರ್, ಗಾಜಿನ ಹಾಗೆ ನುಣುಪಾಗಿತ್ತು. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, 400 ನಂಬರಿನ ಉಪ್ಪು ಕಾಗದದಿಂದ ಹಗುರವಾಗಿ ಒಂದು ಸುತ್ತು ಉಜ್ಜಿದೆ. ರೀಲಿನ ದನಿ ಓದುವ ಹೆಡ್ ಮತ್ತು ರೀಲನ್ನು ಎಳೆಯುವ ಕಂಬಿ, ಅಂದರೆ ಕ್ಯಾಪ್‌ಸ್ಟನ್, ಒರೆಸಿದೆ. ಆಮೇಲೆ 3,000 ಹರ್ಟ್ಸ್ ನಾದ ತುಂಬಿದ ಟೆಸ್ಟ್ ಕ್ಯಾಸೆಟ್ ಹಾಕಿ ಕಂಪ್ಯೂಟರಿನಲ್ಲಿ ನೋಡಿದರೆ 3,074 ತೋರಿಸಿತು. ಮೋಟಾರಿನ ಹಿಂದೆ ಒಂದು ಸಣ್ಣ ತೂತು ಇರುತ್ತದೆ. ಅದರೊಳಗೆ ತೆಳ್ಳನೆ ಸ್ಕ್ರೂಡ್ರೈವರ್ ಬಿಟ್ಟು ಕೂದಲೆಳೆಯಷ್ಟು ತಿರುವಿದರೆ ವೇಗ ಬದಲಾಗುತ್ತದೆ. ಹತ್ತು ನಿಮಿಷದಲ್ಲಿ 3,001ಕ್ಕೆ ತಂದು ನಿಲ್ಲಿಸಿದೆ.

ನಾನು ಮಾಡಿದ ತಪ್ಪು

ಇಷ್ಟಾದ ಕೂಡಲೇ 'ಮನ್ಸೂರ 2' ಹಾಕಿಬಿಟ್ಟೆ. ಹಾಕಬಾರದಿತ್ತು. ಮೊದಲು ಬೇಡದ ಕ್ಯಾಸೆಟ್ ಒಂದನ್ನು ಎರಡೂ ಬದಿ ಪೂರ್ತಿ ಓಡಿಸಿ ನೋಡಬೇಕು.

ಮೂರು ನಿಮಿಷ ಚೆನ್ನಾಗಿ ಹಾಡಿತು. ಆಮೇಲೆ ದನಿ ಒಮ್ಮೆಲೇ ನೀರಿನೊಳಗೆ ಹೋದ ಹಾಗಾಯಿತು. ಬಲಗಡೆಯ ಚಕ್ರಕ್ಕೆ ರೀಲು ಎಳೆದುಕೊಳ್ಳುವ ಶಕ್ತಿ ಇರಲಿಲ್ಲ. ಅದನ್ನು ತಿರುಗಿಸುವ ಸಣ್ಣ ರಬ್ಬರ್ ಗಾಲಿ ಗಟ್ಟಿಯಾಗಿ ಜಾರುತ್ತಿತ್ತು, ನಾನು ಅದನ್ನು ನೋಡಿರಲಿಲ್ಲ. ಹೊರಗೆ ಬಂದ ರೀಲು ಪಿಂಚ್ ರೋಲರ್‌ಗೆ ಸುತ್ತಿಕೊಂಡಿತ್ತು.

ಎಳೆಯಲಿಲ್ಲ. ಕರೆಂಟ್ ತೆಗೆದು, ಫ್ಲೈವೀಲನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತಾ ಒಂದೊಂದೇ ಸುತ್ತು ಬಿಡಿಸಿದೆ. ಒಂದು ಗೇಣು ರೀಲು ಅಕಾರ್ಡಿಯನ್ ಹಾಗೆ ಮಡಚಿಕೊಂಡಿತ್ತು. ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಸವರಿದಾಗ ಸುಕ್ಕು ಅರ್ಧ ಹೋಯಿತು. ಒಂದು ಕಡೆ ಅಂಚು ಹರಿದಿತ್ತು. ಅಲ್ಲಿ ಎರಡು ಮಿ.ಮೀ. ಕತ್ತರಿಸಿ, ಓರೆಯಾಗಿ ಜೋಡಿಸಿ, ಹೆಡ್ಡಿಗೆ ತಾಗದ ಬದಿಗೆ ಸ್ಪ್ಲೈಸಿಂಗ್ ಟೇಪ್ ಅಂಟಿಸಿದೆ. ಮನೆಯಲ್ಲಿರುವ ಸಾದಾ ಅಂಟುಟೇಪ್ ಇಲ್ಲಿ ಬೇಡವೇ ಬೇಡ. ಅದರ ಅಂಟು ಬೇಸಿಗೆಗೆ ಹರಿದು ಪಕ್ಕದ ಸುತ್ತುಗಳನ್ನೂ ಹಿಡಿದುಕೊಳ್ಳುತ್ತದೆ.

ಎರಡು ಮಿ.ಮೀ. ಅಂದರೆ ಸೆಕೆಂಡಿನ ಇಪ್ಪತ್ತನಾಲ್ಕರಲ್ಲಿ ಒಂದು ಭಾಗ. ಕೇಳಿದರೆ ಗೊತ್ತಾಗುವುದಿಲ್ಲ. ಆದರೆ ಸುಕ್ಕಾದ ಆ ಒಂದು ಗೇಣಿನಲ್ಲಿ ಐದು ಸೆಕೆಂಡಿನಷ್ಟು ಆಲಾಪ ಇದೆ, ಅದು ಇನ್ನು ಮುಂದೆ ನಡುಗುತ್ತಲೇ ಇರುತ್ತದೆ. ಅದರ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ. ಗಾಲಿಗೆ ಹೊಸ ರಬ್ಬರ್ ಉಂಗುರ ಹಾಕಿದೆ. ಆಮೇಲೆ ಒಂದು ವಾರ ಬೇಡದ ಕ್ಯಾಸೆಟ್‌ಗಳನ್ನಷ್ಟೇ ಓಡಿಸಿದೆ.

ಅಜಿಮತ್

ಈಗ ಮುಖ್ಯ ಕೆಲಸ. ಡೆಕ್ ಸರಿಯಾಗಿದೆ, ವೇಗ ಸರಿಯಾಗಿದೆ, ಟೆಸ್ಟ್ ಕ್ಯಾಸೆಟ್ ಸ್ಫಟಿಕದ ಹಾಗೆ ಕೇಳುತ್ತದೆ. ಕಾಕಾನ ಕ್ಯಾಸೆಟ್ ಹಾಕಿದರೆ ಮಾತ್ರ ಕಂಬಳಿ ಹೊದ್ದು ಹಾಡಿದ ಹಾಗೆ. ತಂಬೂರಿ ಇದೆಯೋ ಇಲ್ಲವೋ ಅನ್ನುವ ಹಾಗೆ. ರೀಲು ಹಳತಾಗಿ ಹೀಗಾಗಿದೆ ಅಂತ ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ರೀಲಿನ ತಪ್ಪಲ್ಲ ಅದು.

ಹೆಡ್ಡಿನ ಮುಖದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಇರುತ್ತದೆ. ರೀಲು ಸಾಗುವ ದಾರಿಗೆ ಅದು ನೇರ ಅಡ್ಡವಾಗಿ ನಿಂತಿರಬೇಕು. ಈ ನಿಲುವಿಗೆ ಅಜಿಮತ್ ಅನ್ನುತ್ತಾರೆ. ರೀಲು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. ಅಂದರೆ 5,000 ಹರ್ಟ್ಸ್‌ನ ಒಂದು ಅಲೆಗೆ ರೀಲಿನ ಮೇಲೆ ಸಿಗುವ ಜಾಗ ಬರೀ 9.5 ಮೈಕ್ರಾನ್, ತಲೆಗೂದಲಿನ ದಪ್ಪದ ಸುಮಾರು ಏಳನೇ ಒಂದು ಪಾಲು. ಮೋನೋ ಟ್ರ್ಯಾಕ್ 1.5 ಮಿ.ಮೀ. ಅಗಲ. ಧ್ವನಿಮುದ್ರಿಸಿದ ಯಂತ್ರದ ಸೀಳಿಗೂ ನುಡಿಸುವ ಯಂತ್ರದ ಸೀಳಿಗೂ ಒಂದು ಡಿಗ್ರಿಯ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಬಂದರೆ ಸಾಕು, ಆ ಅಲೆ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಮೀಡಿಯಂ ವೇವ್‌ನಲ್ಲಿ ರೇಡಿಯೋ ಸೆಟ್‌ಗಳು ಕೊಡುತ್ತಿದ್ದದ್ದೇ ನಾಲ್ಕೈದು ಸಾವಿರ ಹರ್ಟ್ಸ್‌ವರೆಗೆ. ಇದ್ದಷ್ಟರಲ್ಲಿ ಮೇಲಿನದೂ ಹೋದರೆ ಉಳಿಯುವುದು ಗೊಗ್ಗರು ದನಿ ಅಷ್ಟೆ.

ನನ್ನ ಡೆಕ್ ಟೆಸ್ಟ್ ಕ್ಯಾಸೆಟ್‌ಗೆ ಸರಿಯಾಗಿ ನೆಟ್ಟಗೆ ನಿಂತಿತ್ತು. ಕಾಕಾನ ಟೂ ಇನ್ ಒನ್ ನೆಟ್ಟಗೆ ನಿಂತಿರಲಿಲ್ಲ. ಅದು ಎಂದೋ ಗುಜರಿಗೆ ಹೋಗಿದೆ, ಆದರೆ ಅದರ ಹೆಡ್ ಎಷ್ಟು ವಾಲಿತ್ತು ಅನ್ನುವುದು ರೀಲಿನಲ್ಲೇ ಅಚ್ಚಾಗಿ ಉಳಿದಿದೆ. ಹಾಗಾಗಿ ನಾನು ಮಾಡಬೇಕಾದ್ದು ಪುಸ್ತಕದ ಲೆಕ್ಕಕ್ಕೆ ನೆಟ್ಟಗೆ ನಿಲ್ಲುವುದಲ್ಲ, ಆ ಯಂತ್ರ ವಾಲಿದಷ್ಟೇ ನಾನೂ ವಾಲುವುದು.

ಹೆಡ್ಡಿನ ಪಕ್ಕ ಸ್ಪ್ರಿಂಗ್ ಮೇಲೆ ಕೂತ ಒಂದು ಪುಟ್ಟ ಸ್ಕ್ರೂ ಇದೆ. ಕಾರ್ಖಾನೆಯವರು ಅದರ ತಲೆಗೆ ಕೆಂಪು ಬಣ್ಣ ಬಳಿದು ಸೀಲ್ ಮಾಡಿರುತ್ತಾರೆ. ಬಣ್ಣ ಕೆರೆದು ತೆಗೆದೆ. ಸ್ಕ್ರೂವಿನ ತಲೆಗೆ ಬಿಳಿ ಚುಕ್ಕಿ ಇಟ್ಟೆ. ಟೆಸ್ಟ್ ಕ್ಯಾಸೆಟ್‌ಗೆ ಸರಿ ಬರುವ ಜಾಗಕ್ಕೆ ಗಡಿಯಾರದ 12 ಗಂಟೆ ಅಂತ ಹೆಸರು. ಎಡ ಬಲ ಎರಡೂ ಚಾನಲ್ ಕೂಡಿಸಿ ಮೋನೋ ಮಾಡಿ ಹೆಡ್‌ಫೋನ್ ಹಾಕಿಕೊಂಡೆ. ಕೂಡಿಸಿದಾಗ ಸಣ್ಣ ತಪ್ಪೂ ದೊಡ್ಡದಾಗಿ ಕೇಳುತ್ತದೆ.

ಗಾಯಕರು ಉಸಿರು ತೆಗೆದುಕೊಳ್ಳುವ ಜಾಗ ಹುಡುಕಿದೆ. ಅಲ್ಲಿ ತಂಬೂರಿ ಒಂದೇ ಇರುತ್ತದೆ. ಸ್ಕ್ರೂ ತಿರುವುತ್ತಾ ಹೋದೆ. 12 ಕಾಲು. 12 ಮುಕ್ಕಾಲು. ಮೋಡ ಸರಿದ ಹಾಗೆ ತಂತಿಯ ದನಿ ಬಂತು. 1 ಗಂಟೆ ದಾಟಿದ ಮೇಲೆ ಜವಾರಿ ಕೇಳಿಸಿತು. ತಂತಿ ಮೀಟಿದ ಮೇಲೆ ಬಿಚ್ಚಿಕೊಳ್ಳುತ್ತದಲ್ಲ, ಆ ಜೇನ್ನೊಣದ ಝೇಂಕಾರ. ಒಂದೂವರೆಯ ಹತ್ತಿರ ಅದು ತುಂಬಿ ನಿಂತಿತು. ಎರಡಕ್ಕೆ ಹೋದರೆ ಮತ್ತೆ ಮಂಕು. ವಾಪಸ್ ಒಂದೂವರೆ. ಅಷ್ಟರಲ್ಲಿ ತಬಲಾದವರು ಕಿನಾರದ ಮೇಲೆ 'ನಾ' ಬಾರಿಸಿದರು. ಪಕ್ಕದ ಕೋಣೆಯಲ್ಲೇ ಬಾರಿಸಿದ ಹಾಗಿತ್ತು. ಎಷ್ಟೋ ವರ್ಷ ಕಂಬಳಿಯೊಳಗಿದ್ದ ದನಿ, ಸ್ಕ್ರೂವಿನ ಒಂದೂವರೆ ಗಂಟೆಯಷ್ಟು ತಿರುವಿಗೆ ಹೊರಗೆ ಬಂತು. ಆ ಬದಿಯನ್ನು ನಿಲ್ಲಿಸದೆ ಕೊನೆವರೆಗೆ ಕೇಳಿದೆ. ಊಟಕ್ಕೆ ಕರೆದರೂ ಏಳಲಿಲ್ಲ.

ಪ್ರತಿ ಕ್ಯಾಸೆಟ್‌ಗೂ ಹೀಗೇ ಮಾಡಿ, ಚುಕ್ಕಿ ಎಲ್ಲಿ ನಿಂತಿತು ಅಂತ ಬರೆದಿಟ್ಟುಕೊಂಡೆ. ಈ ಪಟ್ಟಿಯಿಂದ ನಾನು ಎಣಿಸದಿದ್ದ ಒಂದು ಸಂಗತಿ ಹೊರಗೆ ಬಂತು. ಮುಗಿದ 26ರಲ್ಲಿ 17 ಕ್ಯಾಸೆಟ್ ಒಂದೂವರೆಗೆ ಸರಿ ಬಂದವು. ಉಳಿದ 9 ಹತ್ತೂವರೆಗೆ. ನಡುವೆ ಯಾವುದೂ ಇಲ್ಲ. ಕಾಕಾಗೆ ಫೋನ್ ಮಾಡಿ ಕೇಳಿದೆ.

"ಹೌದಲ್ಲ, ನಡುವ ಒಮ್ಮೆ ಹೆಡ್ ಹಾಕ್ಸಿದ್ದೆ. ನಿಮ್ಮ ಅಕ್ಕನ ಲಗ್ನದ ವರ್ಷ. ಲಗ್ನದಾಗ ಹಗಲೂ ರಾತ್ರಿ ಹಚ್ಚಿ ಹಚ್ಚಿ ಕೆಟ್ಟಿತ್ತು."

ಅಕ್ಕನ ಮದುವೆ 1986. ಒಂದೂವರೆಯವು ಅದಕ್ಕಿಂತ ಮುಂಚಿನವು, ಹತ್ತೂವರೆಯವು ಆಮೇಲಿನವು. ಹೆಸರಿಲ್ಲದ ಕ್ಯಾಸೆಟ್ ಹತ್ತೂವರೆಯ ಗುಂಪಿನದು.

ಶ್ರುತಿ ಯಾವುದು?

ಡೆಕ್‌ನ ವೇಗ ಸರಿ ಮಾಡಿದ್ದೇನೆ, ನಿಜ. ಟೂ ಇನ್ ಒನ್‌ನ ವೇಗ ಸರಿ ಇತ್ತು ಅಂತ ಯಾರು ಹೇಳಬೇಕು? ದನಿ ಕೇಳಿ ಊಹಿಸುವುದು ಅಪಾಯ. ಗಂಗೂಬಾಯಿ ಅವರ ದನಿ ಅಷ್ಟು ಗಂಭೀರ, ಅಷ್ಟು ಕೆಳಗಿನದು. ಹೆಂಗಸಿನ ದನಿ ಹೀಗಿರಲಿಕ್ಕಿಲ್ಲ, ರೀಲು ನಿಧಾನ ಓಡುತ್ತಿದೆ ಅಂತ ವೇಗ ಹೆಚ್ಚಿಸಿದರೆ ಅವರನ್ನೇ ಕಳೆದುಕೊಂಡ ಹಾಗೆ.

ಇದಕ್ಕೆ ಎಲ್ಲರೂ ಹೇಳುವ ಒಂದು ಉಪಾಯ ಇದೆ. ಮನೆಯ ಕರೆಂಟಿನ ಗುಂಯ್ ದನಿ ಸಣ್ಣದಾಗಿ ರೀಲಿಗೂ ಇಳಿದಿರುತ್ತದೆ. ಅದು 50 ಹರ್ಟ್ಸ್. ಕಂಪ್ಯೂಟರಿನಲ್ಲಿ ಅದರ ಗೆರೆ ಹುಡುಕಿ, 50ಕ್ಕೆ ತಂದರೆ ಮುಗಿಯಿತು. ಹೆಸರಿಲ್ಲದ ಕ್ಯಾಸೆಟ್ಟಿನಲ್ಲಿ ಎರಡು ಗೆರೆ ಕಂಡವು. 50ರ ಗೆರೆ ನನ್ನ ಮನೆಯ ಇವತ್ತಿನ ಕರೆಂಟಿನದು. 48.3ರಲ್ಲಿದ್ದದ್ದು ರೀಲಿನದು. ಹಾಗಾದರೆ ವೇಗವನ್ನು ಶೇಕಡಾ 3.5 ಹೆಚ್ಚಿಸಬೇಕು. ಹೆಚ್ಚಿಸಿದೆ. ಏನೋ ಸರಿ ಅನ್ನಿಸಲಿಲ್ಲ. ದನಿಯಲ್ಲಿ ಒಂದು ಬಗೆಯ ಗಡಿಬಿಡಿ ಇತ್ತು.

ಆ ಧ್ವನಿಮುದ್ರಣದಲ್ಲಿ ಹಾರ್ಮೋನಿಯಂ ಸಾಥ್ ಇದೆ, ಕಾಕಾನ ಮಾತಿನಲ್ಲಿ 'ಪೆಟ್ಟಿಗಿ'. ಇದೂ ಒಂದು ಭಾಗ್ಯ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಮತ್ತೆ ಬಾಗಿಲು ತೆರೆಯಲು ಶುರುವಾಗಿದ್ದು 1971ರಲ್ಲಿ. ಹಾರ್ಮೋನಿಯಂನ ಸ್ವರ ತಂಬೂರಿಯ ಹಾಗೆ ಬೇಕಾದಲ್ಲಿ ಕೂಡುವುದಿಲ್ಲ. ಕರಿ ಒಂದು (ಮೊದಲ ಕಪ್ಪು ಮನೆ) ಅಂದರೆ ಕರಿ ಒಂದೇ. ವೇಗ ಹೆಚ್ಚಿಸುವ ಮೊದಲು ಷಡ್ಜ (ಗಾಯಕರ 'ಸ') 277.9 ಹರ್ಟ್ಸ್ ಇತ್ತು. ಕರಿ ಒಂದು 277.2. ಬಹಳ ಹತ್ತಿರ. ಹೆಚ್ಚಿಸಿದ ಮೇಲೆ ಅದು 287ರ ಮೇಲೆ ಹೋಗಿ, ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಅಂಥ ಮನೆ ಹಾರ್ಮೋನಿಯಂನಲ್ಲಿ ಇಲ್ಲ.

ಮತ್ತೆ ಕಾಕಾಗೇ ಫೋನ್. ಅವರು ಜೋರಾಗಿ ನಕ್ಕರು. "ಆವಾಗ 50 ಎಲ್ಲಿ ಬರ್ತಿತ್ತೋ ತಮ್ಮಾ? ಬ್ಯಾಸಿಗ್ಯಾಗ ಮೀಟರ್ ನೋಡಿದ್ರ 48, 48 ಚಿಲ್ಲರ. ಲೋಡ್ ಅಷ್ಟಿರ್ತಿತ್ತು."

ನಮ್ಮ ದಕ್ಷಿಣದ ಗ್ರಿಡ್ ಆ ಕಾಲದಲ್ಲಿ ಹಾಗೇ ಇತ್ತು. ಬೇಡಿಕೆ ಜಾಸ್ತಿ, ಉತ್ಪಾದನೆ ಕಡಿಮೆ, ಫ್ರೀಕ್ವೆನ್ಸಿ ಕುಸಿಯುತ್ತಿತ್ತು. ಟೂ ಇನ್ ಒನ್‌ನ ಮೋಟಾರ್ ಡಿಸಿ ಆದ್ದರಿಂದ ಫ್ರೀಕ್ವೆನ್ಸಿ ಕುಸಿದರೂ ಅದರ ವೇಗಕ್ಕೆ ಏನೂ ಆಗುವುದಿಲ್ಲ. ಗುಂಯ್ ದನಿ ಮಾತ್ರ ಕೆಳಗಿಳಿಯುತ್ತದೆ. ಹೊರದೇಶದವರು ಹೇಳುವ ಉಪಾಯವನ್ನು ನಮ್ಮ 1980ರ ದಶಕದ ಕ್ಯಾಸೆಟ್‌ಗಳಿಗೆ ಕಣ್ಣುಮುಚ್ಚಿ ಹಚ್ಚಬೇಡಿ.

ಬದಲಿಗೆ ಇನ್ನೊಂದು ಗೆರೆ ನೋಡಿ. ಮೀಡಿಯಂ ವೇವ್ ನಿಲ್ದಾಣಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ಕೂತಿರುತ್ತವೆ. ಧಾರವಾಡ 765. ಅದರ ಪಕ್ಕದ ಮನೆಗಳು 756 ಮತ್ತು 774. ರಾತ್ರಿ ಹೊತ್ತು ದೂರದ ನಿಲ್ದಾಣಗಳೂ ತೇಲಿ ಬರುತ್ತವೆ, ಪಕ್ಕಪಕ್ಕದ ಎರಡು ತಾಗಿ 9,000 ಹರ್ಟ್ಸ್‌ನ ಸಣ್ಣ ಸಿಳ್ಳೆ ಹುಟ್ಟುತ್ತದೆ. ಕಿವಿಗೆ ಬೀಳದಷ್ಟು ಸಣ್ಣದು. 45 ನಿಮಿಷವನ್ನೂ ಒಟ್ಟಿಗೆ ಸರಾಸರಿ ಮಾಡಿ ನೋಡಿದರೆ ಸೂಜಿಮೊನೆಯ ಹಾಗೆ ಎದ್ದು ಕಾಣುತ್ತದೆ. ಅಜಿಮತ್ ಸರಿ ಮಾಡುವ ಮೊದಲು ಅದು ಕಂಡಿರಲೇ ಇಲ್ಲ. ಈ ಕ್ಯಾಸೆಟ್‌ನಲ್ಲಿ ಅದು ನಿಂತಿದ್ದು 9,020ಕ್ಕೆ. ಅಂದರೆ ಶೇಕಡಾ 0.2 ವೇಗ ಜಾಸ್ತಿ. ಹಾರ್ಮೋನಿಯಂ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಎರಡು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ನನಗೆ ನೆಮ್ಮದಿಯಾಯಿತು.

'ರಾಜಗುರು' ಕ್ಯಾಸೆಟ್ಟಿನದು ಬೇರೆಯೇ ತೊಂದರೆ. ಒಂದು ಬದಿಯಲ್ಲಿ ಗುಂಯ್ ದನಿಯೇ ಇಲ್ಲ, ಷಡ್ಜ ಮಾತ್ರ ಮೆಲ್ಲಮೆಲ್ಲಗೆ ಮೇಲೇರುತ್ತದೆ. ಕರೆಂಟ್ ಹೋಗಿ ಸೆಲ್ ಮೇಲೆ ಓಡಿಸಿರಬೇಕು. ಸೆಲ್ ಇಳಿದಂತೆ ಮೋಟಾರ್ ನಿಧಾನವಾಗಿದೆ, ಈಗ ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಏರುತ್ತದೆ. ಎರಡೆರಡು ನಿಮಿಷಕ್ಕೊಮ್ಮೆ ತಂಬೂರಿ ಅಳೆದು, ಕಂಪ್ಯೂಟರಿನಲ್ಲಿ ಇಳಿಜಾರು ಎಳೆದು ಸರಿ ಮಾಡಿದೆ. ಒಂದು ಬದಿಗೆ ಒಂದು ಸಂಜೆ ಪೂರ್ತಿ ಬೇಕಾಯಿತು.

ಉಳಿದ ಸಣ್ಣಪುಟ್ಟವು

ಕಂಪ್ಯೂಟರಿಗೆ ಇಳಿಸುವುದು ಸುಲಭ. 24 ಬಿಟ್, 48 ಕಿಲೋಹರ್ಟ್ಸ್. ಒಂದು ಸಿ-90ಕ್ಕೆ ಸುಮಾರು 1.5 ಜಿಬಿ. ರೀಲಿನ ಸುಯ್ ಸದ್ದು (ಹಿಸ್) ತಗ್ಗಿಸುವ ಡಾಲ್ಬಿ ಆಫ್, ಯಾಕೆಂದರೆ ಟೂ ಇನ್ ಒನ್‌ನಲ್ಲಿ ಅದು ಇರಲಿಲ್ಲ. ಕೈ ಮುಟ್ಟದ ಮೂಲ ಪ್ರತಿ ಒಂದು ಕಡೆ, ವೇಗ ತಿದ್ದಿದ್ದು ಇನ್ನೊಂದು ಕಡೆ.

ಹಿಸ್ ತೆಗೆಯುವ ಸಾಫ್ಟ್‌ವೇರ್ ಒಮ್ಮೆ ಹಚ್ಚಿ ನೋಡಿದೆ. ಹಿಸ್ ಹೋಯಿತು, ಜೊತೆಗೆ ಜವಾರಿಯೂ ಹೋಯಿತು. ಒಂದೇ ಸಮನೆ, ಬಿಡದೆ ಬರುವುದೆಲ್ಲ ಗಲಾಟೆ ಅಂತ ಅದರ ಲೆಕ್ಕ. ತಂಬೂರಿಯ ಗುಣವೂ ಅದೇ ಅಲ್ವಾ, ಒಂದೇ ಸಮನೆ ಬಿಡದೆ ಬರುವುದು. ಹಿಸ್ ಇರಲಿ ಅಂತ ಬಿಟ್ಟೆ. ಎರಡು ನಿಮಿಷ ಕೇಳಿದರೆ ಕಿವಿ ಅದನ್ನು ಮರೆಯುತ್ತದೆ.

ನಾಲ್ಕು ಕ್ಯಾಸೆಟ್‌ಗಳಲ್ಲಿ ಹೆಡ್ಡಿಗೆ ರೀಲನ್ನು ಒತ್ತುವ ಪುಟ್ಟ ಫೆಲ್ಟ್ ಗಾದಿ ಉದುರಿತ್ತು. ಬೇಡದ ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಅದರ ತಾಮ್ರದ ಪಟ್ಟಿ ಸಮೇತ ಕಿತ್ತು ಇವಕ್ಕೆ ಕೂಡಿಸಿದೆ. ಮೂರಕ್ಕೆ ಬಿಳಿ ಬೂಸ್ಟು ಹಿಡಿದಿದೆ. ಧಾರವಾಡದ ಮಳೆಗಾಲಕ್ಕೆ ಟ್ರಂಕು ಸಾಲದು. ಅವನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ಬೂಸ್ಟು ಹಿಡಿದದ್ದನ್ನು ಡೆಕ್‌ಗೆ ಹಾಕಬಾರದು, ಹೆಡ್ಡಿನಿಂದ ಉಳಿದೆಲ್ಲಕ್ಕೂ ಹರಡುತ್ತದೆ. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಯಲಲ್ಲಿ ಕೈಯಿಂದಲೇ ಸುತ್ತಿ ಒರೆಸಬೇಕು. ಅದಕ್ಕೆ ಒಣ ಹವೆ ಬೇಕು. ಡಿಸೆಂಬರ್‌ವರೆಗೆ ಕಾಯುತ್ತೇನೆ.

ಹೋದ ವಾರ 26ನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡು ಧಾರವಾಡಕ್ಕೆ ಹೋಗಿದ್ದೆ. ಮೊದಲು ಹೆಸರಿಲ್ಲದ್ದನ್ನೇ ಹಚ್ಚು ಅಂದರು. ರಾತ್ರಿ ಊಟ ಆಗಿತ್ತು, ರಾಗ ಬಾಗೇಶ್ರೀ. ಕಾಕಾ ಕಣ್ಣುಮುಚ್ಚಿ ಕೂತರು. ಹೆಸರು ಹೊಳೆಯಲಿಲ್ಲ. ವಿಲಂಬಿತ ಮುಗಿಯುತ್ತಾ ಬಂದಾಗ, ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಸರಿಯಾಗಿ, ಕಾಕಾ ತೊಡೆ ತಟ್ಟುವುದಕ್ಕೂ ಸ್ಪೀಕರಿನಲ್ಲಿ ತಬಲಾದವರು 'ಧಾ' ಬಾರಿಸುವುದಕ್ಕೂ ಸರಿಹೋಯಿತು.

"ಪೆಟ್ಟಿಗಿ ಯಾರು ಬಾರಿಸ್ಯಾರ ಅನ್ನೋದು ಗೊತ್ತಾದ್ರ ಹಾಡಿದವರು ಸಿಗ್ತಾರ" ಅಂದರು. "ಇನ್ನೊಂದ ಸಲ ಹಚ್ಚು."

ಮತ್ತೆ ಮೊದಲಿಂದ ಹಚ್ಚಿದೆ.